ಮೊದಲು ಕೊನೆಯ ಸಾಲಿನ ಮಗುವನ್ನು ನೋಡಿ

ಪತ್ರ: ನಾವು ಮಂಡ್ಯದವರು. ಮಗಳಿಗೆ 7 ವರ್ಷ. ಭರತನಾಟ್ಯಕ್ಕೆ ಸೇರಿಸಬೇಕೆಂದಿದ್ದೇವೆ. ನಮ್ಮ ಬೀದಿಯಲ್ಲೇ ಒಬ್ಬ ಟೀಚರ್ ಮನೆಯ ಹಾಲ್‌ನಲ್ಲಿ ಹೇಳಿಕೊಡುತ್ತಾರೆ. ಹತ್ತು ಹನ್ನೆರಡು ಮಕ್ಕಳಿದ್ದಾರೆ. ಆದರೆ ಅಲ್ಲಿ ವರ್ಷವಾದರೂ ಬರೀ ಅಡವು (ಮೂಲ ಹೆಜ್ಜೆಗಳ ಅಭ್ಯಾಸ), ಸ್ಟೇಜ್ ಇಲ್ಲ ಎಂದು ಅಕ್ಕಪಕ್ಕದವರು ಹೇಳುತ್ತಾರೆ. ಮೈಸೂರಿನಲ್ಲಿ ಒಂದು ದೊಡ್ಡ ಸಂಸ್ಥೆ ಇದೆ. ಮೊದಲ ವರ್ಷವೇ ವಾರ್ಷಿಕೋತ್ಸವದಲ್ಲಿ ಅವಕಾಶ, ಆರು ವರ್ಷಕ್ಕೆ ರಂಗಪ್ರವೇಶ (ಒಬ್ಬಳೇ ಮಾಡುವ ಮೊದಲ ಪೂರ್ಣ ಕಾರ್ಯಕ್ರಮ) ಎಂದು ಹೇಳಿದರು. ಶನಿವಾರ, ಭಾನುವಾರ ಕರೆದುಕೊಂಡು ಬರಲು ನಾನು ತಯಾರಿದ್ದೇನೆ. ಯಾವುದು ಸರಿ?
ಒಬ್ಬ ತಾಯಿ, ಮಂಡ್ಯ

ಸಂಪಾದಕರ ಉತ್ತರ:

ನಿಮ್ಮ ಪತ್ರ ಎರಡು ಪುಟ ಇತ್ತು. ಜಾಗ ಸಾಲದೆ ಚಿಕ್ಕದು ಮಾಡಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ. ವಾರಕ್ಕೆ ಎರಡು ದಿನ, ಹೋಗಿ ಬರಲು ಸುಮಾರು 90 ಕಿಲೋಮೀಟರ್. ಮಗಳಿಗೋಸ್ಕರ ಅಷ್ಟು ಓಡಾಡಲು ಸಿದ್ಧರಿರುವ ತಾಯಿಗೆ ಬೇಡ ಎನ್ನುವುದು ಕಷ್ಟ. ಆದರೂ ಹೇಳುತ್ತೇನೆ. ನಮ್ಮ ಮೈಸೂರಿಗೆ ಬರಬೇಡಿ. ಮೊದಲು ನಿಮ್ಮ ಬೀದಿಯ ಟೀಚರ್ ಮನೆಗೆ ಹೋಗಿ, ಒಂದು ಪಾಠ ಪೂರ್ತಿ ಕೂತು ನೋಡಿ.

ಅದಕ್ಕೂ ಮುಂಚೆ ಒಂದು ತಕರಾರು. ನಿಮ್ಮ ಪತ್ರದಲ್ಲಿ ಫೀಸಿನ ಲೆಕ್ಕ ಇದೆ, ರೈಲಿನ ಸಮಯ ಇದೆ, ಅಕ್ಕಪಕ್ಕದವರ ಅಭಿಪ್ರಾಯ ಇದೆ. ಮಗಳಿಗೆ ಕುಣಿಯುವುದು ಇಷ್ಟವೇ ಎಂಬ ಬಗ್ಗೆ ಒಂದು ಸಾಲೂ ಇಲ್ಲ. ಮನೆಯಲ್ಲಿ ಹಾಡು ಹಾಕಿದರೆ ಅವಳು ಏನು ಮಾಡುತ್ತಾಳೆ? ನೀವು ಗಮನಿಸಿರುತ್ತೀರಿ, ಬರೆಯಲು ಮರೆತಿರುತ್ತೀರಿ ಎಂದುಕೊಂಡಿದ್ದೇನೆ. ಗಮನಿಸಿರದಿದ್ದರೆ ಇವತ್ತೇ ಅವಳನ್ನು ಕೂರಿಸಿಕೊಂಡು ಕೇಳಿ. ಉಳಿದದ್ದೆಲ್ಲ ಆಮೇಲೆ.

ದೊಡ್ಡ ಸಂಸ್ಥೆಗಳಲ್ಲಿ ಒಳ್ಳೆಯದು ಇಲ್ಲ ಎಂದಲ್ಲ. ಜಾಗ ಇರುತ್ತದೆ, ಮೃದಂಗದವರು, ಹಾಡುವವರು ಬರುತ್ತಾರೆ. ಒಂದೇ ವಯಸ್ಸಿನ ಗೆಳತಿಯರು ಸಿಗುತ್ತಾರೆ. ಸ್ಟೇಜಿನ ಭಯ ಬೇಗ ಹೋಗುತ್ತದೆ. ಅಷ್ಟನ್ನು ಒಪ್ಪುತ್ತೇನೆ.

ಆದರೆ ನಿಮ್ಮ ಅಕ್ಕಪಕ್ಕದವರು ‘ಬರೀ ಅಡವು’ ಎಂದಿದ್ದಾರಲ್ಲ, ಅವರಿಗೆ ನನ್ನದೊಂದು ಉತ್ತರ ಮುಟ್ಟಿಸಿ. ಮುಂದೆ ಬರುವ ಅಲರಿಪು, ಜತಿಸ್ವರ, ವರ್ಣ, ತಿಲ್ಲಾನ ಎಂಬ ನೃತ್ಯಗಳೆಲ್ಲದರ ಕಾಲ್ಕೆಲಸವೂ ಈ ಅಡವುಗಳದ್ದೇ. ಮೊದಲು ಕಲಿಸುವ ತಟ್ಟಡವಿನಲ್ಲಿ ಮಗು ಅರೆಮಂಡಿಯಲ್ಲಿ, ಅಂದರೆ ಮಂಡಿ ಅರ್ಧ ಬಗ್ಗಿಸಿ, ನಿಂತು ‘ತೈಯಾ ತೈ’ ಎಂದು ಪಾದ ತಟ್ಟುತ್ತದೆ. ನೋಡುವವರಿಗೆ ಕಾಣುವುದು ಅಷ್ಟೇ. ಅದೇ ಹೊತ್ತಿಗೆ ಬೆನ್ನು ನೇರ ಇರಬೇಕು. ಮಂಡಿ ಎರಡೂ ಪಕ್ಕಕ್ಕೆ ತೆರೆದಿರಬೇಕು. ಇಡೀ ಪಾದ ಒಟ್ಟಿಗೆ ನೆಲಕ್ಕೆ ಬೀಳಬೇಕು. ತಾಳ ಜಾರಬಾರದು. ಅದನ್ನೇ ಎರಡನೇ ಕಾಲದಲ್ಲಿ ಎರಡರಷ್ಟು ವೇಗದಲ್ಲಿ, ಮೂರನೇ ಕಾಲದಲ್ಲಿ ನಾಲ್ಕರಷ್ಟು ವೇಗದಲ್ಲಿ ಮಾಡಬೇಕು. ಏಳು ವರ್ಷದ ಮಗುವಿಗೆ ಇದಕ್ಕೆ ಒಂದು ವರ್ಷ ಹಿಡಿದರೆ ಅದು ಜಾಸ್ತಿಯಾ?

ಆತುರಪಟ್ಟರೆ ಏನಾಗುತ್ತದೆ ಎಂಬುದನ್ನೂ ತಿಳಿದುಕೊಳ್ಳಿ. ಅರೆಮಂಡಿಯಲ್ಲಿ ಕಾಲು ತೆರೆಯಬೇಕಾದ್ದು ಸೊಂಟದ ಕೀಲಿನಿಂದ. ಮಂಡಿ ಮತ್ತು ಕಾಲ್ಬೆರಳು ಒಂದೇ ದಿಕ್ಕಿಗಿರಬೇಕು. ಸೊಂಟ ಇನ್ನೂ ತೆರೆದುಕೊಳ್ಳದ ಮಗುವಿಗೆ ಪಾದ ಮಾತ್ರ ಪಕ್ಕಕ್ಕೆ ತಿರುಗಿಸಿ ನಿಲ್ಲಿಸಿದರೆ, ತಿರುಚುವ ಭಾರವೆಲ್ಲ ಮಂಡಿಯ ಮೇಲೆ ಬೀಳುತ್ತದೆ. ಫೋಟೊದಲ್ಲಿ ಚೆನ್ನಾಗಿಯೇ ಕಾಣುತ್ತದೆ. ನೋವು ಶುರುವಾಗುವುದು ಆಮೇಲೆ. ನೆಲವನ್ನೂ ನೋಡಿ. ಕಾಂಕ್ರೀಟಿನ ಮೇಲೆ ಹಾಸಿದ ಗ್ರಾನೈಟ್, ಟೈಲ್ಸ್ ಬರಿಗಾಲಿನ ಪೆಟ್ಟನ್ನು ಹೀರುವುದಿಲ್ಲ, ಕಾಲಿಗೇ ವಾಪಸ್ ಕೊಡುತ್ತವೆ. ಮರದ ನೆಲ ಹಾಕಿಸುವುದು ಎಲ್ಲರ ಕೈಲೂ ಆಗುವುದಿಲ್ಲ. ಗಟ್ಟಿ ನೆಲದಲ್ಲಿ ಮಕ್ಕಳಿಂದ ಗಂಟೆಗಟ್ಟಲೆ ಜೋರಾಗಿ ತಟ್ಟಿಸಬಾರದು ಎಂದು ಗೊತ್ತಿರುವ ಟೀಚರ್ ಆದರೂ ಬೇಕು.

ಈಗ ಕೂತು ನೋಡುವ ವಿಷಯ. ಕಾರ್ಯಕ್ರಮ ಹತ್ತಿರ ಬಂದಾಗ ಹೋಗಬೇಡಿ, ಸಾಧಾರಣ ದಿನವೊಂದರಲ್ಲಿ ಹೋಗಿ. ಮುಂದಿನ ಸಾಲಿನ ಮಕ್ಕಳನ್ನು ನೋಡಬೇಡಿ. ಅವರು ಎಲ್ಲಿದ್ದರೂ ಚೆನ್ನಾಗಿಯೇ ಮಾಡುತ್ತಾರೆ. ಕೊನೆಯ ಸಾಲಿನಲ್ಲಿ, ಗೋಡೆಯ ಹತ್ತಿರ, ತಾಳ ಸಿಗದೆ ಅಕ್ಕಪಕ್ಕದವರ ಕಾಲು ನೋಡಿಕೊಂಡು ತಟ್ಟುವ ಒಂದು ಮಗು ಇದ್ದೇ ಇರುತ್ತದೆ. ಟೀಚರ್ ಆ ಮಗುವಿನ ಹತ್ತಿರ ಹೋಗುತ್ತಾರಾ? ಹೋದರೆ ಹೇಗೆ ಮಾತಾಡುತ್ತಾರೆ? ಅಲ್ಲಿಯೇ ನಿಮಗೆ ಉತ್ತರ ಸಿಗುತ್ತದೆ.

ಮೈಸೂರಿನ ಸರಸ್ವತಿಪುರಂನ ಒಂದು ಮನೆಯಲ್ಲಿ ಇಂಥ ಪಾಠ ನೋಡಿದ್ದೇನೆ. ಸದಾ ಒಂದು ಪೆಟ್ಟು ಹಿಂದೆ ಬೀಳುವ ಹುಡುಗಿಯೊಬ್ಬಳಿದ್ದಳು. ಟೀಚರ್ ಬೈಯಲಿಲ್ಲ. ಅವಳನ್ನು ಕರೆದು, ಕೋಲಿನಿಂದ ತಾಳ ತಟ್ಟುವ ಮರದ ತಟ್ಟುಮಣೆಯ ಮುಂದೆ ಕೂರಿಸಿದರು, ಕೈಗೆ ಕೋಲು ಕೊಟ್ಟರು. ‘ನೀನು ತಟ್ಟು, ಇವರೆಲ್ಲ ನಿನ್ನ ತಾಳಕ್ಕೆ ಕುಣಿಯುತ್ತಾರೆ’ ಎಂದರು. ಮೊದಲು ಎಲ್ಲ ಗೊಂದಲ. ಆಮೇಲೆ ಅವಳ ಕೈ ನಿಧಾನವಾಗಿ ಹದಕ್ಕೆ ಬಂತು. ವಾಪಸ್ ಹೋಗಿ ನಿಂತಾಗ ಕಾಲೂ ಕೈಯ ಹಾದಿ ಹಿಡಿಯಿತು. ಆ ಟೀಚರ್ ಹೆಸರು ಯಾವ ಪೋಸ್ಟರಿನಲ್ಲೂ ಇಲ್ಲ.

ಕೋಲಿನ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಈಚೆಗೆ ಎಷ್ಟೋ ಕಡೆ ಪಾಠವೆಲ್ಲ ಮೊಬೈಲ್ ಮತ್ತು ಸ್ಪೀಕರ್ ಮೇಲೆಯೇ ನಡೆಯುತ್ತದೆ. ಧ್ವನಿಮುದ್ರಿಕೆ ಮಗುವಿಗೋಸ್ಕರ ಕಾಯುವುದಿಲ್ಲ. ಬಾಯಲ್ಲಿ ‘ತೈಯಾ ತೈ’ಯಂಥ ಸೊಲ್ಲುಕಟ್ಟು ಹೇಳಿಕೊಂಡು ಕೋಲು ತಟ್ಟುವ ಟೀಚರ್ ಮಗುವಿನ ಉಸಿರು ನೋಡಿ ನಿಧಾನ ಮಾಡುತ್ತಾರೆ, ತಪ್ಪಿದಲ್ಲಿ ನಿಲ್ಲಿಸುತ್ತಾರೆ. ನಿಮ್ಮ ಬೀದಿಯ ಟೀಚರ್ ಕೋಲು ಹಿಡಿಯುವವರಾದರೆ ಅರ್ಧ ಚಿಂತೆ ಬಿಡಿ.

ಮೈಸೂರು ದೊಡ್ಡ ಊರು, ಕಲೆಯ ಊರು, ಅಲ್ಲೇ ಕಲಿಯಬೇಕು ಎಂಬ ಆಸೆ ನಿಮಗಿದೆ. ನಮ್ಮ ಊರಿನ ಬಗ್ಗೆ ನನಗೂ ಹೆಮ್ಮೆಯಿದೆ. ಇವತ್ತಿನ ಭರತನಾಟ್ಯ ಕಛೇರಿಯ ಕ್ರಮ ಕಟ್ಟಿದ ತಂಜಾವೂರಿನ ನಾಲ್ವರು ಸೋದರರಲ್ಲಿ ಹಿರಿಯ ಚಿನ್ನಯ್ಯ ಮೈಸೂರಿನ ಆಸ್ಥಾನದಲ್ಲಿದ್ದರು. ಅರಮನೆಯ ಜಟ್ಟಿಯ ಮಗಳು ತಾಯಮ್ಮ ಅಭಿನಯದಲ್ಲಿ ನಾಡಿಗೇ ಹೆಸರಾದರು. ಆದರೆ ತಿ. ನರಸೀಪುರ ತಾಲ್ಲೂಕಿನ ಮೂಗೂರನ್ನೂ ಮರೆಯಬೇಡಿ. ಒಂದು ಹಳ್ಳಿ. ಅಲ್ಲಿಂದ ಜೇಜಮ್ಮ, ಸುಂದರಮ್ಮ ಎಂಬ ನರ್ತಕಿಯರು ಬಂದರು, ಊರಿನ ಹೆಸರಲ್ಲೇ ಒಂದು ಪರಂಪರೆ ಬೆಳೆಯಿತು. ಗುರು ಇರುವ ಕಡೆ ವಿದ್ಯೆ ಇರುತ್ತದೆ. ಮಂಡ್ಯದ ಬೀದಿಯಲ್ಲಿ ಯಾಕೆ ಇರಬಾರದು?

ಮೈಸೂರಿನ ನರ್ತಕಿ ಕೆ. ವೆಂಕಟಲಕ್ಷ್ಮಮ್ಮನವರ ಉದಾಹರಣೆ ಕೊಟ್ಟು ಯಾರಾದರೂ ನನ್ನೊಂದಿಗೆ ವಾದ ಮಾಡಬಹುದು. ಕಡೂರಿನ ಕಡೆಯ ತಾಂಡಾದಲ್ಲಿ 1906ರಲ್ಲಿ ಹುಟ್ಟಿದ ಲಂಬಾಣಿ ಹುಡುಗಿ. 8ನೇ ವಯಸ್ಸಿಗೆ ಜಟ್ಟಿ ತಾಯಮ್ಮನವರ ಶಿಷ್ಯೆಯಾದರು, 12ಕ್ಕೆ ರಂಗಪ್ರವೇಶ ಮಾಡಿದರು. ನಾಲ್ಕೇ ವರ್ಷ, ನೋಡಿ ಎನ್ನಬಹುದು. ಆದರೆ ಅದು ಗುರುಕುಲದ ಕಲಿಕೆ, ವಾರಕ್ಕೆರಡು ಗಂಟೆಯ ಪಾಠ ಅಲ್ಲ. ಜೊತೆಗೆ ಸಂಗೀತ, ಸಂಸ್ಕೃತದ ಪಾಠವೂ ನಡೆದಿತ್ತು. ರಂಗಪ್ರವೇಶ ಆದಮೇಲೂ ಸುಮಾರು 30 ವರ್ಷ ಗುರುವಿನ ಜೊತೆಯಲ್ಲೇ ನರ್ತಿಸಿದರು. 1939ರಲ್ಲಿ ಆಸ್ಥಾನ ವಿದುಷಿಯಾದರು. 1965ರಲ್ಲಿ ಮೈಸೂರು ವಿಶ್ವವಿದ್ಯಾಲಯ ನೃತ್ಯ ವಿಭಾಗ ತೆರೆದಾಗ ಅಲ್ಲಿ ಪಾಠ ಹೇಳಿದರು. 1992ರಲ್ಲಿ ಪದ್ಮಭೂಷಣ ಬಂತು. ರಂಗಪ್ರವೇಶ ಅವರ ಕಲಿಕೆಯ ಬಾಗಿಲಾಗಿತ್ತು. ಈಗ?

ಈಗ ‘ಎಸ್ಸೆಸ್ಸೆಲ್ಸಿಗೆ ಮುಂಚೆ ರಂಗಪ್ರವೇಶ ಮುಗಿಸಿಬಿಡೋಣ’ ಎನ್ನುತ್ತಾರೆ. ಈ ಮಾತು ಕೇಳಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಹಾಲ್ ಬಾಡಿಗೆ, ಪಕ್ಕವಾದ್ಯ, ಸೀರೆ ಹೊಲಿಸಿದ ಉಡುಪು, ಒಡವೆ, ಮೇಕಪ್, ವಿಡಿಯೊ, ಆಮಂತ್ರಣ ಪತ್ರಿಕೆ, ಊಟ. ಮನೆಯವರು ಮದುವೆಯಷ್ಟು ಓಡಾಡುತ್ತಾರೆ. ಮಾರನೆಯ ವಾರ ಟ್ಯೂಷನ್ ಶುರು, ಗೆಜ್ಜೆ ಅಟ್ಟಕ್ಕೆ. ಆರು ವರ್ಷಕ್ಕೆ ರಂಗಪ್ರವೇಶ ಎಂದು ಮಗುವಿನ ಮುಖ ನೋಡುವ ಮೊದಲೇ ಹೇಳುವ ಸಂಸ್ಥೆ ಯಾವ ಮಗುವಿನ ಲೆಕ್ಕ ಹಾಕಿ ಹೇಳಿತು? ನೃತ್ಯದ ಜೂನಿಯರ್, ಸೀನಿಯರ್ ಪರೀಕ್ಷೆಗಳ ವಿಷಯವೂ ಇಷ್ಟೇ. ಪರೀಕ್ಷೆ ಒಳ್ಳೆಯದೇ, ಮಗು ಸಿದ್ಧವಾದಾಗ ಕಟ್ಟಿಸಿ.

ವಾರ್ಷಿಕೋತ್ಸವಗಳ ಕಥೆಯನ್ನೂ ಕೇಳಿ. ಮಧ್ಯಾಹ್ನವೇ ಮೇಕಪ್ ಹಾಕಿಸಿಕೊಂಡ ಪುಟ್ಟ ಮಕ್ಕಳು ತುಟಿಯ ಬಣ್ಣ ಹೋಗುತ್ತದೆಂದು ನೀರು ಕುಡಿಯದೆ ಕೂತಿರುವುದನ್ನು ಕಂಡಿದ್ದೇನೆ. ವೇದಿಕೆಯ ಮೇಲೆ ಹಾರ, ಶಾಲು, ನೆನಪಿನ ಕಾಣಿಕೆ, ಒಬ್ಬರಾದಮೇಲೆ ಒಬ್ಬರ ಭಾಷಣ. ಮಕ್ಕಳ ಸರದಿ ಬರುವ ಹೊತ್ತಿಗೆ ಅರ್ಧ ಮಕ್ಕಳಿಗೆ ಕಣ್ಣು ಎಳೆಯುತ್ತಿರುತ್ತದೆ. ಮೂರು ನಿಮಿಷ ಕುಣಿದು ಇಳಿಯುತ್ತಾರೆ. ಅಪ್ಪ ಅಮ್ಮ ಫೋನಿನ ಪರದೆಯಲ್ಲೇ ನೋಡುತ್ತಾರೆ. ಟಿ.ವಿ. ಸ್ಪರ್ಧೆಗಳು ಬಂದಮೇಲೆ ಈ ಹುಚ್ಚು ಇನ್ನೂ ಏರಿದೆ. ಮಕ್ಕಳ ಸಂಜೆಗಳನ್ನು ದೊಡ್ಡವರ ಸನ್ಮಾನಕ್ಕೆ ಬಳಸುವುದನ್ನು ಈ ಊರಿನ ಸಂಘಟಕರು ನಿಲ್ಲಿಸಬೇಕು. ಮಕ್ಕಳ ನೃತ್ಯ ಮೊದಲು, ಭಾಷಣ ಆಮೇಲೆ. ಇಷ್ಟು ಮಾಡುವುದು ಯಾರಿಗೂ ಕಷ್ಟವಲ್ಲ.

ಇನ್ನೊಂದು ಮಾತು. ಮಗನನ್ನು ಕರಾಟೆಗೆ ಹಾಕಿದ್ದೇವೆ ಎಂದು ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಸಂತೋಷ. ಅಕ್ಕನ ಜೊತೆ ಅವನನ್ನೂ ಒಂದು ದಿನ ಕೂರಿಸಿ ನೋಡಿ. ಯು.ಎಸ್. ಕೃಷ್ಣರಾವ್ ಅವರು ರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿದ್ದುಕೊಂಡೇ ಭರತನಾಟ್ಯದ ಗುರುವಾದವರು. ಗಂಡು ಮಕ್ಕಳನ್ನು ಬಾಗಿಲಲ್ಲೇ ನಿಲ್ಲಿಸುವುದು ಯಾಕೆ?

ಶನಿವಾರ ಮೈಸೂರಿಗೆ ಬರುವ ಉತ್ಸಾಹವನ್ನು ಕಳೆದುಕೊಳ್ಳಬೇಡಿ. ನೃತ್ಯ ನೋಡಲು ಕರೆತನ್ನಿ. ಜಗನ್ಮೋಹನ ಅರಮನೆಯ ಸಭಾಂಗಣ, ಕಲಾಮಂದಿರ, ಕುವೆಂಪುನಗರದ ವೀಣೆ ಶೇಷಣ್ಣ ಭವನ, ದಸರೆಯಲ್ಲಿ ಅರಮನೆಯ ಮುಂದಿನ ವೇದಿಕೆ. ಪೂರ್ತಿ ಕೂರಲೇಬೇಕು ಎಂದು ಒತ್ತಾಯ ಮಾಡಬೇಡಿ. ಸಾಕು ಎಂದಾಗ ಎದ್ದು ಬನ್ನಿ.

ಪಾಠಕ್ಕೆ ಮಾತ್ರ ನಿಮ್ಮ ಬೀದಿಯೇ ಇರಲಿ. ಆ ಟೀಚರ್ ಮೂರು ತಿಂಗಳ ಫೀಸಿಗಿಂತ ಹೆಚ್ಚು ಮುಂಗಡ ಕೇಳಿದರೆ ಕೊಡಬೇಡಿ. ‘ಪೋಷಕರು ಯಾವತ್ತೂ ಒಳಗೆ ಬರುವ ಹಾಗಿಲ್ಲ’ ಎಂದರೆ ಅಲ್ಲಿಗೆ ಸೇರಿಸಲೇಬೇಡಿ, ಅವರು ಎಷ್ಟೇ ದೊಡ್ಡವರಾಗಿರಲಿ. ಹಾಗಾದರೆ ನನಗೆ ಇನ್ನೊಂದು ಪತ್ರ ಹಾಕಿ. ಮಂಡ್ಯದಲ್ಲಿ ಬೇರೆ ಯಾರಿದ್ದಾರೆ ಎಂದು ಓದುಗರನ್ನೇ ಕೇಳೋಣ.