ಹವಳ, ಸೀಗಡಿಗಳಿಗೂ ಬೇರೆ ಟ್ಯಾಂಕ್ ಬೇಕಾ?

ಚಿತ್ರದುರ್ಗದಿಂದ ಕೇಳಿದ್ದೀರಿ. ಮನೆಯಲ್ಲಿ ಮೂರಡಿಯ ಉಪ್ಪುನೀರಿನ ಟ್ಯಾಂಕ್ ಇದೆ, ಮೀನುಗಳು ಆರಾಮಾಗಿವೆ. ಈಗ ಬೆಂಗಳೂರಿನಿಂದ ಒಂದೆರಡು ಮೆತ್ತನೆ ಹವಳ, ಸೀಗಡಿ, ಬಸವನಹುಳು ತರಿಸಬೇಕು. ಮೀನಿನ ರೋಗ ಇವಕ್ಕೆ ಬರುವುದಿಲ್ಲವಲ್ಲ, ಆದರೂ ಕ್ವಾರಂಟೈನ್ ಬೇಕಾ? ಬೇಕಿದ್ದರೆ ಹಿಂದೆ ಮೀನಿಗೆ ತಾಮ್ರದ ಔಷಧಿ ಹಾಕಿದ್ದ ಟ್ಯಾಂಕನ್ನೇ ಬಳಸಬಹುದಾ?

ಮೊದಲನೆಯದಕ್ಕೆ ಬೇಕು ಅಂತೀನಿ. ಎರಡನೆಯದಕ್ಕೆ ಖಂಡಿತ ಬೇಡ.

ನಾನು ದಾವಣಗೆರೆಯವನು. ನಿಮ್ಮ ಹಾಗೇ ಯೋಚಿಸಿದ್ದೆ. ಕೆಲವು ವರ್ಷದ ಹಿಂದೆ ಬೆಂಗಳೂರಿನ ಒಂದು ಅಂಗಡಿಯಿಂದ ರಾತ್ರಿ ಬಸ್ಸಿನಲ್ಲಿ ಆರು ಬಸವನಹುಳು, ಝೋವಾ ಅನ್ನುವ ಮೆತ್ತನೆ ಹವಳದ ಒಂದು ತುಂಡು ತರಿಸಿದೆ. ಬೆಳಿಗ್ಗೆ ಬಸ್ ಸ್ಟ್ಯಾಂಡಿಗೆ ಹೋಗಿ ಪಾರ್ಸೆಲ್ ಬಿಡಿಸಿಕೊಂಡು ಬಂದವನೇ ಸೀದಾ ದೊಡ್ಡ ಟ್ಯಾಂಕಿಗೆ ಬಿಟ್ಟೆ. ಹನ್ನೆರಡನೇ ದಿನ ಟ್ಯಾಂಗ್ ಮೀನಿನ ಮೈಮೇಲೆ ರವೆ ಉದುರಿಸಿದ ಹಾಗೆ ಬಿಳಿ ಚುಕ್ಕಿ. ಮೂರೇ ದಿನಕ್ಕೆ ಆ ಮೀನು ಸತ್ತುಹೋಯಿತು. ಉಳಿದ ಮೀನುಗಳನ್ನೆಲ್ಲ ಹಿಡಿದು ಬೇರೆ ಕಡೆ ಔಷಧಿ ಮಾಡಿ, ದೊಡ್ಡ ಟ್ಯಾಂಕನ್ನು ಎರಡೂವರೆ ತಿಂಗಳು ಮೀನಿಲ್ಲದೆ ಇಡಬೇಕಾಯಿತು. ಮನೆಗೆ ಬಂದವರೆಲ್ಲ "ಮೀನೆಲ್ಲಿ?" ಅಂತ ಕೇಳೋರು.

ನಡೆದದ್ದು ಇಷ್ಟು. ಆ ಬಿಳಿ ಚುಕ್ಕಿ ಕ್ರಿಪ್ಟೋಕ್ಯಾರಿಯಾನ್ ಅನ್ನುವ ಪರೋಪಜೀವಿ. ಅದು ಮೀನಿನ ಮೈಯಲ್ಲಿ ಕೆಲವು ದಿನ ತಿಂದುಂಡು ಬೆಳೆದು ಕೆಳಗೆ ಉದುರುತ್ತದೆ. ಆಮೇಲೆ ಯಾವುದಾದರೂ ಗಟ್ಟಿ ಜಾಗಕ್ಕೆ ಅಂಟಿ, ಮೇಲೆ ಗೂಡು ಕಟ್ಟಿಕೊಂಡು ಒಳಗೇ ನೂರಾರು ಮರಿಗಳಾಗಿ ಒಡೆಯುತ್ತದೆ. ಆ ಗಟ್ಟಿ ಜಾಗ ಕಲ್ಲಾಗಬಹುದು, ಬಸವನಹುಳುವಿನ ಚಿಪ್ಪಾಗಬಹುದು, ಹವಳ ಅಂಟಿಸಿರುವ ಬಿಲ್ಲೆಯೂ ಆಗಬಹುದು. ಬಸವನಹುಳುವಿಗೆ ಅದರಿಂದ ಏನೂ ಆಗುವುದಿಲ್ಲ. ಸುಮ್ನೆ ಹೊತ್ತು ತರುತ್ತದೆ. ಗೂಡಿನಿಂದ ಹೊರಬಂದ ಮರಿಗೆ ಒಂದೆರಡು ದಿನದಲ್ಲಿ ಮೀನು ಸಿಗದಿದ್ದರೆ ಅದು ಸಾಯುತ್ತದೆ. ಅಂದರೆ ಇಲ್ಲಿ ಔಷಧಿ ಯಾವುದೂ ಇಲ್ಲ. ಮೀನಿಲ್ಲದ ನೀರು, ಸಾಕಷ್ಟು ದಿನ, ಅಷ್ಟೇ. ನಮ್ಮಜ್ಜ ಸಂತೆಯಿಂದ ಎತ್ತು ತಂದರೆ ಹದಿನೈದು ದಿನ ಹಿತ್ತಲ ಬೇವಿನ ಮರಕ್ಕೇ ಕಟ್ಟುತ್ತಿದ್ದರು, ಕೊಟ್ಟಿಗೆಗೆ ಬಿಡುತ್ತಿರಲಿಲ್ಲ. ಕಾಲುಬಾಯಿ ಜ್ವರದ ಭಯ. ನಾನು ಅದನ್ನು ನೋಡಿಕೊಂಡೇ ಬೆಳೆದವನು, ಬುದ್ಧಿ ಬರಲಿಲ್ಲ ಅಷ್ಟೇ.

ಎಷ್ಟು ದಿನ ಅಂದರೆ, ಈ ಹವ್ಯಾಸದವರು ಬಹಳ ಕಾಲದಿಂದ 76 ದಿನ ಅಂತ ಲೆಕ್ಕ ಇಟ್ಟಿದ್ದಾರೆ. ಕೆಲವರು ನೀರನ್ನು 27 ಡಿಗ್ರಿಯಲ್ಲಿ ಕದಲದಂತೆ ಇಟ್ಟು 45 ದಿನಕ್ಕೇ ಮುಗಿಸುತ್ತಾರೆ. ನಮ್ಮೂರಿನ ಕರೆಂಟು ನಂಬಿಕೊಂಡು ಅಷ್ಟು ಧೈರ್ಯ ನನಗಿಲ್ಲ, 76 ದಿನವೇ ಇಡುತ್ತೇನೆ. ಒಂದು ಮಾತು ನೆನಪಿಡಿ: ಐವತ್ತನೇ ದಿನ ಆಸೆಗೆ ಬಿದ್ದು ಇನ್ನೊಂದು ಹವಳ ತಂದು ಅದೇ ಟ್ಯಾಂಕಿಗೆ ಹಾಕಿದರೆ ಲೆಕ್ಕ ಮತ್ತೆ ಒಂದರಿಂದ ಶುರು. ಹಾಗಾಗಿ ಬೇಕಾದ್ದನ್ನೆಲ್ಲ ಒಂದೇ ಸಲ ತರಿಸಿ.

ಈಗ ತಾಮ್ರದ ವಿಷಯ. ಮೀನಿಗೆ ಔಷಧಿಯಾದ ತಾಮ್ರ ಸೀಗಡಿ, ಬಸವನಹುಳು, ಹವಳಗಳಿಗೆ ವಿಷ. ತುಂಬಾ ಸ್ವಲ್ಪ ಇದ್ದರೂ ಸಾಕು. ಕಲ್ಲು, ಮರಳು, ಸ್ಪಾಂಜ್, ಟ್ಯಾಂಕಿನ ಸಿಲಿಕಾನ್ ಅಂಟು ತಾಮ್ರವನ್ನು ಹಿಡಿದಿಟ್ಟುಕೊಂಡು ನಿಧಾನಕ್ಕೆ ಬಿಡಬಹುದು. ತೊಳೆದರೆ ಸಾಕು ಅಂತ ಧೈರ್ಯವಾಗಿ ಹೇಳಲಾರೆ. ಆ ಟ್ಯಾಂಕ್ ಮೀನಿಗೇ ಇರಲಿ. ಇನ್ನೊಂದು ಕಡೆ ನಮ್ಮವರು ಎಡವುತ್ತಾರೆ: ಅಡುಗೆಮನೆಯ ಆರ್‌ಒ. ಈಗ ನೀರಿಗೆ ತಾಮ್ರ ಸೇರಿಸುವ ಫಿಲ್ಟರ್‌ಗಳು ಮನೆಮನೆಯಲ್ಲಿವೆ. ಕುಡಿಯಲು ಇರಲಿ ಬಿಡಿ, ಸೀಗಡಿಗೆ ಅದನ್ನು ಕೊಡಬೇಡಿ. ರುಚಿಗೆ ಖನಿಜ ಸೇರಿಸುವ ಫಿಲ್ಟರ್ ಇದ್ದರೂ ಬೇಡ. ತಾಮ್ರದ ಕೊಡದ ನೀರಂತೂ ಹತ್ತಿರವೂ ಬರಬಾರದು. ನಮ್ಮ ಕಡೆ ಬೋರ್‌ವೆಲ್ ನೀರು ಗಡಸು, ನಿಮ್ಮ ಜಿಲ್ಲೆಯಲ್ಲಿ ಫ್ಲೋರೈಡ್ ಬೇರೆ. ಆರ್‌ಒ ನೀರನ್ನು, ಉಳಿದ ಖನಿಜವನ್ನೂ ಹೀರುವ ಡಿಐ ರೆಸಿನ್ ದಾಟಿಸಿ, ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಸೊನ್ನೆ ತೋರಿಸಿದ ಮೇಲೆ ಉಪ್ಪು ಕಲಸಿ.

ಟ್ಯಾಂಕ್ ದೊಡ್ಡದು ಬೇಡ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರ ಸಾಕು. ಸುಮಾರು 50 ಲೀಟರ್ ನೀರು ಹಿಡಿಯುತ್ತದೆ. ಮರಳು ಹಾಕಬೇಡಿ, ಕಲ್ಲೂ ಬೇಡ. ತಳಕ್ಕೆ ಹೊರಗಿನಿಂದ ಬಿಳಿ ಹಾಳೆ ಅಂಟಿಸಿದರೆ ಹವಳದಿಂದ ಉದುರಿದ ಹುಳ ಎದ್ದು ಕಾಣುತ್ತದೆ. ಒಂದು ಸ್ಪಾಂಜ್ ಫಿಲ್ಟರ್, ನೀರು ಅಲುಗಿಸುವ ಒಂದು ಸಣ್ಣ ವೇವ್‌ಮೇಕರ್, ಹೀಟರ್, ಸಾಧಾರಣ ಎಲ್‌ಇಡಿ. ಹವಳ ಇಡಲು ಚೌಕ ಚೌಕ ಕಿಂಡಿಯ ಪ್ಲಾಸ್ಟಿಕ್ ಜಾಲರಿ. ನನಗೆ ಅರ್ಧ ಸಾಮಾನು ಹಳೆಯದೇ ಇತ್ತು, ಉಳಿದದ್ದು ಆರು ಸಾವಿರದೊಳಗೆ ಮುಗಿಯಿತು. ಉಪ್ಪಿನಂಶ ಸಾವಿರಕ್ಕೆ 35, ರಿಫ್ರಾಕ್ಟೋಮೀಟರಿನಲ್ಲಿ 1.026ರ ಹತ್ತಿರ. ದೊಡ್ಡ ಟ್ಯಾಂಕಿನಿಂದ ಕನಿಷ್ಠ ಹತ್ತು ಅಡಿ ದೂರ ಇಡಿ. ಕೆಲವು ಪರೋಪಜೀವಿಗಳು ನೀರಿನ ತುಂತುರಿನಲ್ಲೂ ದಾಟಬಲ್ಲವು. ಬಲೆ, ಬಕೆಟ್, ಪೈಪು ಎಲ್ಲವೂ ಬೇರೆ ಬೇರೆ. ನಾನು ಕ್ವಾರಂಟೈನ್ ಸಾಮಾನಿಗೆಲ್ಲ ಕೆಂಪು ಟೇಪ್ ಸುತ್ತಿದ್ದೇನೆ.

ನಿಜವಾದ ತಲೆನೋವು ಬಿಸಿಲು. ಏಪ್ರಿಲ್, ಮೇನಲ್ಲಿ ನಮ್ಮಲ್ಲಿ 38 ಡಿಗ್ರಿ ಮಾಮೂಲಿ. ಚಿಕ್ಕ ಟ್ಯಾಂಕ್ ದೊಡ್ಡದಕ್ಕಿಂತ ಬೇಗ ಕಾಯುತ್ತದೆ. ನೀರು 29 ದಾಟಿದರೆ ಹವಳ ಮುದುಡಲು ಶುರು ಮಾಡುತ್ತದೆ. ಚಿಲ್ಲರ್ ಇದಕ್ಕೆಲ್ಲ ದುಬಾರಿ. ಎರಡು ಕಂಪ್ಯೂಟರ್ ಫ್ಯಾನ್ ನೀರಿನ ಮೇಲೆ ಗಾಳಿ ಬೀಸುವಂತೆ ಕಟ್ಟಿದರೆ ಎರಡು ಮೂರು ಡಿಗ್ರಿ ಇಳಿಯುತ್ತದೆ. ಆದರೆ ನೀರು ಆರುತ್ತದೆ, ಉಪ್ಪು ಉಳಿಯುತ್ತದೆ. ನನ್ನ ಟ್ಯಾಂಕಿನಲ್ಲಿ ಬೇಸಿಗೆಯಲ್ಲಿ ದಿನಕ್ಕೆ ಒಂದೂವರೆ ಲೀಟರ್ ಹೋಗುತ್ತಿತ್ತು. ಹಾಗೇ ಬಿಟ್ಟರೆ ಒಂದೇ ದಿನಕ್ಕೆ 35 ಇದ್ದದ್ದು 36 ಆಗುತ್ತದೆ. ಗಾಜಿನ ಮೇಲೆ ಪೆನ್ನಿನಲ್ಲಿ ಗೆರೆ ಎಳೆದು, ಬೆಳಿಗ್ಗೆ ಸಂಜೆ ಅಲ್ಲಿಯವರೆಗೆ ಉಪ್ಪಿಲ್ಲದ ನೀರು ತುಂಬಿಸಿ. ಕರೆಂಟ್ ಹೋದಾಗಿನ ಸಲುವಾಗಿ ಬ್ಯಾಟರಿಯ ಏರ್ ಪಂಪ್ ಒಂದಿರಲಿ. ಮತ್ತೆ, ಆ ಕೋಣೆಯಲ್ಲಿ ಸೊಳ್ಳೆ ಬತ್ತಿ, ಲಿಕ್ವಿಡ್ ಮೆಷಿನ್ ಹಚ್ಚಬೇಡಿ. ಸೊಳ್ಳೆ ಕೊಲ್ಲುವ ಆ ಮದ್ದು ಸೀಗಡಿಗೂ ವಿಷ, ಏರ್ ಪಂಪ್ ಅದನ್ನು ಎಳೆದು ನೀರಿಗೇ ಊದುತ್ತದೆ. ನಾವು ಸೊಳ್ಳೆ ಪರದೆಗೆ ಬಂದುಬಿಟ್ಟೆವು.

ಹವಳ ಬಂದ ದಿನ ಮೊದಲು ಬಿಲ್ಲೆ ಕಿತ್ತು ಎಸೆಯಿರಿ. ಹುಳದ ಮೊಟ್ಟೆ, ಬಿಳಿ ಚುಕ್ಕಿಯ ಗೂಡು, ಗುಳ್ಳೆ ಪಾಚಿ, ಹವಳವನ್ನು ಕುಟುಕುವ ಏಪ್ಟೇಸಿಯಾ ಎಲ್ಲ ಕೂತಿರುವುದು ಹೆಚ್ಚಾಗಿ ಅದರ ಮೇಲೇ. ಆಮೇಲೆ ಒಂದು ಡಬ್ಬಿಯಲ್ಲಿ ಟ್ಯಾಂಕ್ ನೀರು ತೆಗೆದುಕೊಂಡು, ಅದಕ್ಕೆ ಹವಳದ ಹುಳ ಉದುರಿಸುವ ಡಿಪ್ ಔಷಧಿಯನ್ನು ಬಾಟಲಿಯ ಮೇಲೆ ಬರೆದಷ್ಟೇ ಹಾಕಿ, ಹೇಳಿದಷ್ಟು ನಿಮಿಷ ಅದ್ದಿ. ದೊಡ್ಡ ಸಿರಿಂಜಿನಿಂದ ಹವಳದ ಮೇಲೆ ನೀರು ಚಿಮ್ಮಿಸುತ್ತಿರಿ. ಚಪ್ಪಟೆ ಹುಳ, ಝೋವಾ ತಿನ್ನುವ ನುಡಿಬ್ರಾಂಕ್ (ಚಿಪ್ಪಿಲ್ಲದ ಕಡಲ ಬಸವನಹುಳು) ಇದ್ದರೆ ತಳಕ್ಕೆ ಬೀಳುತ್ತವೆ. ಇನ್ನೊಂದು ಡಬ್ಬಿಯ ನೀರಿನಲ್ಲಿ ತೊಳೆದು ಒಳಗೆ ಬಿಡಿ. ಡಿಪ್ ನೀರು ಸಿಂಕಿಗೆ.

ಇಲ್ಲಿಗೆ ಕೆಲಸ ಮುಗಿಯಿತು ಅಂದುಕೊಳ್ಳುವವರೇ ಜಾಸ್ತಿ. ಡಿಪ್ ಹುಳವನ್ನು ಉದುರಿಸುತ್ತದೆ, ಮೊಟ್ಟೆಯನ್ನು ಮುಟ್ಟುವುದೂ ಇಲ್ಲ. ಮೊಟ್ಟೆ ಒಡೆದು ಮರಿ ಬಂದು, ಅದು ಮತ್ತೆ ಮೊಟ್ಟೆ ಇಡುವುದರೊಳಗೆ ನೀವು ಮತ್ತೆ ಅದ್ದಬೇಕು. ಐದಾರು ದಿನಕ್ಕೊಮ್ಮೆ, ಒಂದು ತಿಂಗಳು. ನುಡಿಬ್ರಾಂಕ್ ಮೊಟ್ಟೆ ಝೋವಾದ ಕಾಂಡದ ಮೇಲೆ ಬಿಳಿ ಸುರುಳಿಯ ಹಾಗೆ ಕಾಣುತ್ತದೆ. ಚಿಮಟದಲ್ಲಿ ಕೆರೆದು ತೆಗೆಯಿರಿ. ಬರೀ ಹಗಲು ನೋಡಿದರೆ ಸಾಲದು, ದೀಪ ಆರಿಸಿ ಒಂದು ಗಂಟೆಯ ಮೇಲೆ ಟಾರ್ಚಿಗೆ ಕೆಂಪು ಪೇಪರ್ ಕಟ್ಟಿ ನೋಡಿ. ನಾನು ಮೊದಲ ನುಡಿಬ್ರಾಂಕ್ ಕಂಡದ್ದು ರಾತ್ರಿ ಹನ್ನೊಂದಕ್ಕೆ, ಹತ್ತೊಂಬತ್ತನೇ ದಿನ.

ಝೋವಾ ಮುಟ್ಟುವಾಗ ಗ್ಲೌಸ್, ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ. ಇವುಗಳಲ್ಲಿ ಕೆಲವಕ್ಕೆ ಪಾಲಿಟಾಕ್ಸಿನ್ ಅನ್ನುವ ಭಾರೀ ವಿಷ ಇರುತ್ತದೆ. ಅವು ಅಂಟಿರುವ ಕಲ್ಲನ್ನು ಬಿಸಿನೀರಿನಲ್ಲಿ ಕುದಿಸಬೇಡಿ, ಒಣ ಬ್ರಷ್ಷಿನಿಂದ ಉಜ್ಜಲೂ ಬೇಡಿ. ಆ ಆವಿ ಕುಡಿದು ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಪ್ರಕರಣಗಳು ಹೊರದೇಶಗಳಲ್ಲಿ ಆಗಿವೆ.

ಸೀಗಡಿ, ಬಸವನಹುಳುಗಳಿಗೆ ಡಿಪ್ ಬೇಡ, ಸಾಯುತ್ತವೆ. ಹುಳುವಿನ ಚಿಪ್ಪನ್ನು ಮೆತ್ತನೆ ಹಲ್ಲುಜ್ಜುವ ಬ್ರಷ್ಷಿನಿಂದ ಉಪ್ಪುನೀರಿನಲ್ಲೇ ಉಜ್ಜಿ, ಸಾಕು. ಮೀನಿನ ಅಂಗಡಿಗಳಲ್ಲಿ ಉಪ್ಪು ಕಮ್ಮಿ ಇಡುವುದುಂಟು, ಹಾಗಾಗಿ ಮೊದಲು ಚೀಲದ ನೀರನ್ನು ಅಳೆಯಿರಿ. ಏರ್ ಪೈಪಿಗೆ ಗಂಟು ಹಾಕಿ, ಟ್ಯಾಂಕಿನ ನೀರನ್ನು ಚೀಲದ ನೀರಿಗೆ ಸೆಕೆಂಡಿಗೆ ಎರಡು ಮೂರು ಹನಿಯಂತೆ ಬೀಳಿಸುತ್ತ ಸುಮಾರು ಒಂದು ಗಂಟೆ ಹೊಂದಿಸಿ. ಹೊಸ ಟ್ಯಾಂಕಿನಲ್ಲಿ ಪಾಚಿ ಇರುವುದಿಲ್ಲ, ಬಸವನಹುಳು ಉಪವಾಸ ಬೀಳುತ್ತದೆ. ಒಣ ಕಡಲ ಪಾಚಿಯ ಹಾಳೆ ಚೂರು ಕೊಡಿ. ಸೀಗಡಿಗೆ ಫ್ರೋಜನ್ ಮೈಸಿಸ್ (ಸೀಗಡಿಯಂಥ ಪುಟ್ಟ ಜೀವಿ) ಎರಡು ದಿನಕ್ಕೊಮ್ಮೆ, ಉಳಿದದ್ದನ್ನು ಎತ್ತಿಬಿಡಿ. ಒಂದು ದಿನ ಬೆಳಿಗ್ಗೆ ಸೀಗಡಿ ಮಕಾಡೆ ಬಿದ್ದ ಹಾಗೆ ಕಂಡರೆ ಗಾಬರಿಯಾಗಬೇಡಿ. ನಮ್ಮಮ್ಮ "ಸತ್ತೇ ಹೋಯ್ತಲ್ಲೋ" ಅಂತ ನನ್ನನ್ನು ಹಾಸಿಗೆಯಿಂದ ಎಬ್ಬಿಸಿದ್ದರು. ನೋಡಿದರೆ ಅದು ಕಳಚಿಟ್ಟ ಪೊರೆ, ಸೀಗಡಿ ಫಿಲ್ಟರಿನ ಹಿಂದೆ ಕೂತಿತ್ತು.

ಕೊಳ್ಳುವ ಮೊದಲು ಇನ್ನೊಂದು. ಗಟ್ಟಿ ಹವಳ, ಸಮುದ್ರ ಬೀಸಣಿಗೆಗಳು 2001ರಿಂದ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ನಮ್ಮ ಕಡಲಿನಿಂದ ಕಿತ್ತು ಮಾರುವುದು ಅಪರಾಧ. "ಸಸ್ತಾ ಇದೆ, ಪೇಪರ್ ಯಾಕೆ" ಅನ್ನುವ ಅಂಗಡಿಯಿಂದ ಎದ್ದು ಬನ್ನಿ. ಮೆತ್ತನೆ ಹವಳಗಳಾದ ಮಶ್ರೂಮ್, ಝೋವಾ ಆ ಪಟ್ಟಿಯವಲ್ಲ, ಶುರುವಿಗೆ ಅವೇ ಒಳ್ಳೆಯವು.

ಫಿಲ್ಟರಿನ ಸ್ಪಾಂಜ್ ಹಳತಾಗಿ ಅದರಲ್ಲಿ ಒಳ್ಳೆಯ ಬ್ಯಾಕ್ಟೀರಿಯಾ ಕೂರದಿದ್ದರೆ ನೀರಿನಲ್ಲಿ ಅಮೋನಿಯಾ ಏರುತ್ತದೆ, ಹಾಗಾಗಿ ಮೂರ್ನಾಲ್ಕು ವಾರ ಮೊದಲೇ ಅದನ್ನು ನಿಮ್ಮ ದೊಡ್ಡ ಟ್ಯಾಂಕಿನ ಸಂಪಿನಲ್ಲಿ (ಫಿಲ್ಟರ್ ತೊಟ್ಟಿಯಲ್ಲಿ) ಹಾಕಿಡಿ. ಅಲ್ಲಿಂದ ಈಚೆ ಬಂದ ಸ್ಪಾಂಜ್ ಮತ್ತೆ ಆಚೆ ಹೋಗಬಾರದು. ಕಾಯುವಷ್ಟು ತಾಳ್ಮೆ ಇಲ್ಲದಿದ್ದರೆ, ನನ್ನ ಕ್ವಾರಂಟೈನ್ ಟ್ಯಾಂಕ್ ಮೀನು ಕಾಣದೆ ನಾಲ್ಕು ತಿಂಗಳಾಯಿತು, ಅದರಲ್ಲಿ ಎರಡು ಸ್ಪಾಂಜ್ ಇವೆ. ನಿಮ್ಮೂರಿಂದ ಅರವತ್ತು ಕಿಲೋಮೀಟರ್. ದಾವಣಗೆರೆಗೆ ಬೆಣ್ಣೆ ದೋಸೆಗೆ ಬರುವ ದಿನ ಮುಚ್ಚಳ ಗಟ್ಟಿ ಇರುವ ಒಂದು ಡಬ್ಬಿ ತನ್ನಿ, ಒಂದನ್ನು ಕೊಡುತ್ತೇನೆ.