ಓದುಗರ ಪ್ರಶ್ನೆ: ರೇಸಿನಲ್ಲಿ ಬಿಎಂಡಬ್ಲ್ಯು ಮೇಲೋ, ಮರ್ಸಿಡಿಸ್ ಮೇಲೋ?

ಪ್ರಶ್ನೆ: ನಮ್ಮ ಆಫೀಸ್ ಕ್ಯಾಂಟೀನಿನಲ್ಲಿ ಊಟದ ಹೊತ್ತಿಗೆ ಇದೇ ವಾದ. ಫಾರ್ಮುಲಾ ಒನ್ ನೋಡಿದರೆ ಮರ್ಸಿಡಿಸ್ ಎಲ್ಲೋ ಮುಂದಿದೆ. ಆದರೂ ಬಿಎಂಡಬ್ಲ್ಯು ಕಡೆಯವರು ಸೋಲೊಪ್ಪುವುದಿಲ್ಲ. ಲೆಕ್ಕ ಹೇಗೆ ಹಾಕಬೇಕು? (ರಾಜಾಜಿನಗರದ ಓದುಗರು)

ಉತ್ತರ: ಮೊದಲು ಯಾರ ಗೆಲುವನ್ನು ಎಣಿಸುತ್ತೀರಿ ಎಂದು ತೀರ್ಮಾನಿಸಿಕೊಳ್ಳಿ. ಕಾರು ಕಟ್ಟಿದವರದೋ, ಎಂಜಿನ್ ಕೊಟ್ಟವರದೋ? ಕ್ಯಾಂಟೀನಿನ ಜಗಳಕ್ಕೆಲ್ಲ ಈ ಎರಡನ್ನು ಬೆರೆಸುವುದೇ ಮೂಲ.

ಫಾರ್ಮುಲಾ ಒನ್‌ನಲ್ಲಿ ಸ್ವಂತ ತಂಡವಾಗಿ ಬಿಎಂಡಬ್ಲ್ಯು ಗೆದ್ದದ್ದು ಒಂದೇ ರೇಸ್: 2008ರ ಕೆನಡಾ, ರಾಬರ್ಟ್ ಕುಬಿತ್ಸಾ ಮೊದಲು, ನಿಕ್ ಹೈಡ್‌ಫೆಲ್ಡ್ ಎರಡನೆಯವರು. ಎಂಜಿನ್ ಲೆಕ್ಕ ಹಿಡಿದರೆ ಆ ಒಂದು ಇಪ್ಪತ್ತಾಗುತ್ತದೆ: ಬಿಎಂಡಬ್ಲ್ಯು ಎಂಜಿನ್ ಹಾಕಿದ್ದ ತಂಡಗಳಲ್ಲಿ ಬ್ರಾಬಂ 8, ಬೆನೆಟನ್ 1, ವಿಲಿಯಮ್ಸ್ 10, ಸ್ವಂತದ್ದು 1. ಮರ್ಸಿಡಿಸ್ ತಂಡದ ಗೆಲುವುಗಳೇ 120 ದಾಟಿವೆ. 2014ರಿಂದ 2021ರವರೆಗೆ ಸತತ ಎಂಟು ತಂಡ ಪ್ರಶಸ್ತಿ ಬೇರೆ. 1954 ಮತ್ತು 1955ರಲ್ಲಿ ಮರ್ಸಿಡಿಸ್ ಚಾಲಕ ಫಾಂಜಿಯೋ ಗೆದ್ದದ್ದು ಚಾಲಕರ ಪ್ರಶಸ್ತಿ ಮಾತ್ರ, ಏಕೆಂದರೆ ತಂಡ ಪ್ರಶಸ್ತಿ ಶುರುವಾದದ್ದೇ 1958ರಲ್ಲಿ. ಅದರಲ್ಲೂ 1954ರ ಮೊದಲ ಎರಡು ಗೆಲುವು ಅವರಿಗೆ ಮಸೆರಾಟಿಯಲ್ಲಿ ಬಂದವು. ಇಲ್ಲಿ ಮರ್ಸಿಡಿಸ್ ಮುಂದೆ, ಅದರಲ್ಲಿ ಎರಡು ಮಾತಿಲ್ಲ.

ಫ್ರಾನ್ಸಿನ 24 ಗಂಟೆಗಳ ರೇಸ್ ಲೆ ಮಾನ್ಸ್‌ಗೆ ಬನ್ನಿ, ಚಿತ್ರ ಬೇರೆಯಾಗುತ್ತದೆ. ಮರ್ಸಿಡಿಸ್‌ಗೆ 1952 ಮತ್ತು 1989; ಬಿಎಂಡಬ್ಲ್ಯುಗೆ 1995 ಮತ್ತು 1999. ಆದರೆ 1989ರ ಕಾರು ಸೌಬರ್ ಕಟ್ಟಿದ ಸಿ9, ಅದರೊಳಗೆ ಮರ್ಸಿಡಿಸ್‌ನ 5 ಲೀಟರ್ ಟರ್ಬೊ ವಿ8. 1995ರದ್ದು ಮೆಕ್‌ಲಾರೆನ್ ಎಫ್1, ಒಳಗೆ ಬಿಎಂಡಬ್ಲ್ಯು ವಿ12. ಎಂಜಿನ್ ಲೆಕ್ಕದಲ್ಲಿ ಎರಡೆರಡು. ಸ್ವಂತ ಹೆಸರಿನ ಕಾರಿನ ಲೆಕ್ಕದಲ್ಲಿ ಒಂದೊಂದು. ಯಾವ ಅಳತೆ ಹಿಡಿದರೂ ಸಮ.

ನ್ಯೂರ್ಬರ್ಗ್‌ರಿಂಗ್ 24 ಗಂಟೆ ಮತ್ತು ಸ್ಪಾ 24 ಗಂಟೆ ರೇಸುಗಳಲ್ಲಿ ಬಿಎಂಡಬ್ಲ್ಯುಗೆ ತಲಾ ಇಪ್ಪತ್ತು ಅಥವಾ ಅದಕ್ಕೂ ಹೆಚ್ಚು ಗೆಲುವಿದೆ. 1998ರಲ್ಲಿ ನ್ಯೂರ್ಬರ್ಗ್‌ರಿಂಗ್ ಗೆದ್ದದ್ದು ಡೀಸೆಲ್ 320ಡಿ. ವೇಗಕ್ಕಿಂತ ಮೈಲೇಜ್ ಕೆಲಸ ಮಾಡಿತ್ತು: ಇಂಧನಕ್ಕೆ ಕಡಿಮೆ ಸಲ ನಿಂತರೆ 24 ಗಂಟೆಯಲ್ಲಿ ಸುತ್ತುಗಳೇ ಉಳಿಯುತ್ತವೆ. ಫಾರ್ಮುಲಾ ಒನ್ ಒಂದನ್ನೇ ತೂಗುವವರಿಗೆ ಈ ಸಾಲು ಕಣ್ಣಿಗೇ ಬೀಳುವುದಿಲ್ಲ.

ಪ್ರಶ್ನೆ: ಬಿಎಂಡಬ್ಲ್ಯುವಿನ ಫಾರ್ಮುಲಾ ಒನ್ ಟರ್ಬೊ ಎಂಜಿನ್ನನ್ನು ರಸ್ತೆ ಕಾರಿನ ಬ್ಲಾಕಿನಿಂದ ಮಾಡಿದ್ದರಂತೆ, ನಿಜವೇ? ಮರ್ಸಿಡಿಸ್‌ನ 2014ರ ಎಂಜಿನ್ ಅದಕ್ಕಿಂತ ಹೇಗೆ ಬೇರೆ? (ಯಲಹಂಕದ ಓದುಗರು)

ಉತ್ತರ: ನಿಜ. 1962ರ ಬಿಎಂಡಬ್ಲ್ಯು 1500 ಕಾರಿಗೆಂದು ಬಂದ ಎಂ10 ಬ್ಲಾಕ್, ಎರಕದ ಕಬ್ಬಿಣದ್ದು, ನಾಲ್ಕು ಸಿಲಿಂಡರ್. ಬಿಎಂಡಬ್ಲ್ಯು ಎಂಜಿನಿಯರ್ ಪೌಲ್ ರೋಶ ಅದರ ಮೇಲೆ ಎಂ12/13 ಕಟ್ಟಿದರು: ಬೋರ್ (ಸಿಲಿಂಡರಿನ ಅಗಲ) 89.2 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) 60 ಮಿ.ಮೀ., ಒಟ್ಟು 1,499 ಸಿಸಿ, ಒಂದೇ ದೊಡ್ಡ ಟರ್ಬೊ. ಓಡಿ ಹಳೆಯದಾದ ಬ್ಲಾಕುಗಳಿಗೇ ಬೇಡಿಕೆ ಇತ್ತು. ಕಾದು ತಣ್ಣಗಾಗಿ, ಮತ್ತೆ ಕಾದು ತಣ್ಣಗಾಗಿ ಎರಕದೊಳಗಿನ ಒತ್ತಡ ಇಳಿದಿರುತ್ತದೆ. ಹೊಸ ಬ್ಲಾಕಿನಷ್ಟು ಅದು ಸೊಟ್ಟಗಾಗುವುದಿಲ್ಲ.

ತೊಂದರೆ ಬಂದದ್ದು ಬೂಸ್ಟ್, ಅಂದರೆ ಟರ್ಬೊ ಸಿಲಿಂಡರಿಗೆ ತುರುಕುವ ಗಾಳಿಯ ಒತ್ತಡ, ಏರಿಸಿದಾಗ. ಒತ್ತಡ ಹೆಚ್ಚಿದಂತೆ ಮಿಶ್ರಣ ಸ್ಪಾರ್ಕಿಗೆ ಕಾಯದೆ ತಾನಾಗಿ ಸಿಡಿಯುತ್ತದೆ, ಪಿಸ್ಟನ್ ತೂತಾಗುತ್ತದೆ. ಇದಕ್ಕೆ ಎರಡು ಮದ್ದು ಸಿಕ್ಕಿತು: ಇಂಧನ ಮತ್ತು ಸ್ಪಾರ್ಕನ್ನು ಕ್ಷಣಕ್ಷಣಕ್ಕೂ ಲೆಕ್ಕ ಹಾಕುವ ಬಾಷ್ ಡಿಜಿಟಲ್ ನಿಯಂತ್ರಣ, ಜೊತೆಗೆ ಟೊಲುವಿನ್ ಎಂಬ ರಾಸಾಯನಿಕ ಹೆಚ್ಚಿದ್ದ, ಸುಲಭಕ್ಕೆ ಸಿಡಿಯದ ಇಂಧನ. 1982ರಲ್ಲಿ ಡೆಟ್ರಾಯ್ಟ್‌ನಲ್ಲಿ ಬ್ರಾಬಂ ಚಾಲಕ ನೆಲ್ಸನ್ ಪಿಕೆಗೆ ರೇಸಿಗೆ ಅರ್ಹತೆಯೂ ಸಿಗಲಿಲ್ಲ. ಮುಂದಿನ ವಾರವೇ ಕೆನಡಾದಲ್ಲಿ ಅದೇ ಎಂಜಿನ್ ಗೆದ್ದಿತು. 1983ರಲ್ಲಿ ಎದುರಾಳಿ ಪ್ರೋಸ್ಟ್‌ಗಿಂತ ಎರಡೇ ಪಾಯಿಂಟ್ ಹೆಚ್ಚು, 59ಕ್ಕೆ 57, ಪಡೆದು ಪಿಕೆ ಚಾಂಪಿಯನ್ ಆದರು. ಟರ್ಬೊ ಕಾರಿಗೆ ಚಾಲಕರ ಪ್ರಶಸ್ತಿ ಬಂದದ್ದು ಅದೇ ಮೊದಲು. 1986ರ ಅರ್ಹತಾ ಸುತ್ತಿನಲ್ಲಿ ಇದರ ಶಕ್ತಿ 1,300 ಅಶ್ವಶಕ್ತಿ ದಾಟಿತ್ತು ಎಂಬುದು ಅಂದಾಜು, ಅಳತೆಯಲ್ಲ. ರೇಸಿನಲ್ಲಿ ಅಷ್ಟು ಬಿಡುವಂತಿರಲಿಲ್ಲ, ಏಕೆಂದರೆ ಆ ವರ್ಷ ಇಡೀ ರೇಸಿಗೆ 195 ಲೀಟರ್ ಇಂಧನ ಮಾತ್ರ.

ಮರ್ಸಿಡಿಸ್‌ನದ್ದು 1.6 ಲೀಟರ್ ವಿ6. ಅದರ ಜಾಣತನ ಜೋಡಣೆಯಲ್ಲಿದೆ. ಟರ್ಬೊವನ್ನು ಎರಡು ಭಾಗ ಮಾಡಿ, ಗಾಳಿ ಒತ್ತುವ ಕಂಪ್ರೆಸರನ್ನು ಎಂಜಿನ್ ಮುಂದೆ, ಬಿಸಿ ಹೊಗೆಯಿಂದ ತಿರುಗುವ ಟರ್ಬೈನನ್ನು ಹಿಂದೆ ಇಟ್ಟರು. ನಡುವೆ ಉದ್ದನೆಯ ಶಾಫ್ಟ್, ಅದರ ಮೇಲೆ ವಿದ್ಯುತ್ ಮೋಟಾರ್. ಟರ್ಬೈನಿನ ಬಿಸಿ ಕಂಪ್ರೆಸರಿಗೆ ತಾಗದ ಕಾರಣ ಇಂಟರ್‌ಕೂಲರ್ (ಒತ್ತಿದ ಗಾಳಿಯನ್ನು ತಣಿಸುವ ಭಾಗ) ಚಿಕ್ಕದು ಸಾಕು, ಕಾರಿನ ಮೈಯೂ ತೆಳುವಾಗುತ್ತದೆ. ಪೆಡಲ್ ಒತ್ತಿದ ತಕ್ಷಣ ಮೋಟಾರ್ ಶಾಫ್ಟನ್ನು ತಿರುಗಿಸುವುದರಿಂದ ಹಳೆಯ ಟರ್ಬೊಗಳ ಹಾಗೆ ಪಿಕಪ್‌ಗೆ ಕಾಯಬೇಕಿಲ್ಲ. ರೇಸಿಗೆ 100 ಕೆಜಿ ಇಂಧನದ ಮಿತಿ ಇದ್ದ ಆ ವರ್ಷ 19ರಲ್ಲಿ 16 ರೇಸ್ ಗೆದ್ದರು.

ಪ್ರಶ್ನೆ: 1999ರ ಲೆ ಮಾನ್ಸ್‌ನಲ್ಲಿ ಮರ್ಸಿಡಿಸ್ ಕಾರು ಹಾರಿದ್ದೇಕೆ? (ಬಸವನಗುಡಿಯ ಓದುಗರು)

ಉತ್ತರ: ಒಂದು ಸಲವಲ್ಲ, ಒಂದೇ ವಾರದಲ್ಲಿ ಮೂರು ಸಲ. ಸಿಎಲ್‌ಆರ್ ಕಾರಿನ ಗಾಲಿಗಳ ನಡುವಿನ ಅಂತರ ಕಡಿಮೆ, ಗಾಲಿಯಿಂದಾಚೆ ಮುಂದಕ್ಕೂ ಹಿಂದಕ್ಕೂ ಚಾಚಿದ ಭಾಗ ಜಾಸ್ತಿ. ಮುಂದಿನ ಕಾರಿಗೆ ಅಂಟಿಕೊಂಡು ಓಡಿದರೆ ಮೂಗಿನ ಮೇಲೆ ಬೀಳುವ ಗಾಳಿಯ ಒತ್ತಡ ಇಳಿಯುತ್ತದೆ. ಅದೇ ಹೊತ್ತಿಗೆ ರಸ್ತೆಯ ಉಬ್ಬು ಸಿಕ್ಕರೆ ಮೂಗು ಮೇಲೇಳುತ್ತದೆ, ಗಾಳಿ ಅಡಿಗೆ ನುಗ್ಗುತ್ತದೆ, ಆಮೇಲೆ ಬಿರುಗಾಳಿಗೆ ತಗಡು ಎದ್ದ ಹಾಗೆ. ಮಾರ್ಕ್ ವೆಬ್ಬರ್ ಎರಡು ಸಲ, ರೇಸಿನಲ್ಲಿ ಪೀಟರ್ ಡಂಬ್ರೆಕ್ ಒಂದು ಸಲ ಹಾರಿದರು, ಇಬ್ಬರೂ ಬದುಕಿದರು. ರೇಸಿಗೆ ಮುಂಚೆ ಮೂಗಿಗೆ ಚಿಕ್ಕ ರೆಕ್ಕೆ ಸೇರಿಸಿದ್ದು, ಹತ್ತಿರ ಹಿಂಬಾಲಿಸಬೇಡಿ ಎಂದು ಚಾಲಕರಿಗೆ ಹೇಳಿದ್ದು ಸಾಲಲಿಲ್ಲ. ಅಷ್ಟಾದ ಮೇಲೂ ರೇಸಿಗೆ ಇಳಿಸಿದ್ದು ತಪ್ಪೇ. ಅದೇ ರೇಸನ್ನು ಬಿಎಂಡಬ್ಲ್ಯು ವಿ12 ಎಲ್‌ಎಂಆರ್ 365 ಸುತ್ತು ಹಾಕಿ ಗೆದ್ದಿತು. ಬೆನ್ನಟ್ಟುತ್ತಿದ್ದ ಟೊಯೋಟಾದ ಟೈರ್ ಕೊನೆಯ ಹೊತ್ತಿನಲ್ಲಿ ಒಡೆಯಿತು, ಅದಕ್ಕೆ ಒಂದು ಸುತ್ತು ಹಿಂದೆ ಎರಡನೇ ಸ್ಥಾನ.

ಪ್ರಶ್ನೆ: ನಮ್ಮ ಬೆಂಗಳೂರಿನವರು ಯಾರಾದರೂ ಈ ಕಂಪನಿಗಳ ರೇಸ್ ಕಾರು ಓಡಿಸಿದ್ದಾರೆಯೇ? (ಮಲ್ಲೇಶ್ವರದ ಓದುಗರು)

ಉತ್ತರ: ಅರ್ಜುನ್ ಮೈನಿ. 2021ರಲ್ಲಿ ಜರ್ಮನಿಯ ಡಿಟಿಎಂ ಸರಣಿಗೆ ಮರ್ಸಿಡಿಸ್-ಎಎಂಜಿ ಜಿಟಿ3 ಕಾರಿನಲ್ಲಿ (ಜಿಟಿ3 ಎಂದರೆ ರಸ್ತೆ ಕಾರಿನ ಮಾದರಿಯ ಮೇಲೆ ಕಟ್ಟಿದ ರೇಸ್ ಕಾರುಗಳ ವರ್ಗ) ಇಳಿದರು. ಆ ಸರಣಿಗೆ ಭಾರತದಿಂದ ಹೋದ ಮೊದಲಿಗರು.

ಪ್ರಶ್ನೆ: ಜಿಟಿ3 ರೇಸಿನಲ್ಲಿ ಗೆದ್ದ ಕಾರೇ ಶೋರೂಮಿನಲ್ಲೂ ಉತ್ತಮ ಎನ್ನಬಹುದೇ? (ಜಯನಗರದ ಓದುಗರು)

ಉತ್ತರ: ಅನ್ನಲಾಗದು. ಬಿಎಂಡಬ್ಲ್ಯು ಎಂ4 ಜಿಟಿ3ಯಲ್ಲಿ ಇರುವುದು ರಸ್ತೆಯ ಎಂ4ರ 3 ಲೀಟರ್ ಆರು ಸಿಲಿಂಡರ್ ಎಂಜಿನ್ನಿನ ರೇಸ್ ರೂಪ. ಎಎಂಜಿ ಜಿಟಿ3ಯಲ್ಲಿ ಟರ್ಬೊ ಇಲ್ಲದ 6.2 ಲೀಟರ್ ವಿ8; ರಸ್ತೆಗೆ ಬಂದ ಎಎಂಜಿ ಜಿಟಿಯಲ್ಲಿ 4 ಲೀಟರ್ ಟರ್ಬೊ. ಹೆಸರು ಒಂದು, ಎಂಜಿನ್ ಬೇರೆ. ಸಾಲದ್ದಕ್ಕೆ ಎಲ್ಲ ಕಾರುಗಳ ವೇಗ ಹತ್ತಿರ ಹತ್ತಿರ ಇರಲೆಂದು ಆಯೋಜಕರು ಒಂದಕ್ಕೆ ತೂಕ ಸೇರಿಸುತ್ತಾರೆ, ಇನ್ನೊಂದರ ಬೂಸ್ಟ್ ಇಳಿಸುತ್ತಾರೆ, ಟರ್ಬೊ ಇಲ್ಲದ್ದಕ್ಕೆ ಗಾಳಿ ಹೋಗುವ ರಂಧ್ರವನ್ನು ಕಿರಿದು ಮಾಡುತ್ತಾರೆ. ಫಲಿತಾಂಶ ಓದುವಾಗ ಆ ರೇಸಿನ ‘ಬ್ಯಾಲೆನ್ಸ್ ಆಫ್ ಪರ್ಫಾರ್ಮೆನ್ಸ್’ ಪಟ್ಟಿಯನ್ನೂ ಪಕ್ಕದಲ್ಲಿಟ್ಟುಕೊಳ್ಳಿ. ಕನಿಷ್ಠ ತೂಕದ ಸಾಲಿನಲ್ಲಿ ಎರಡು ಕಾರಿಗೂ ಎಷ್ಟೆಷ್ಟು ಕೆಜಿ ಬರೆದಿದ್ದಾರೆ ಎಂಬುದನ್ನು ಮೊದಲು ನೋಡಿ.