ಮೇಗುತಿ ಗುಡಿ ಹಿಂದಿನ ಕಲ್ಲಿನ ಮನೆಗಳು

ಪ್ರಶ್ನೆ: ಐಹೊಳೆಯ ಮೇಗುತಿ ಗುಡಿಯ ಹಿಂದೆ ಚಪ್ಪಡಿ ಕಲ್ಲಿನ ಸಣ್ಣ ಮನೆಗಳಿವೆ. ಕುರಿ ಕಾಯುವ ಅಜ್ಜ ‘ಮೋರೇರ ಮನೆ, ಅಲ್ಲಿ ಗಿಡ್ಡ ಜನ ಇದ್ದರು’ ಅಂದರು. ನಿಜವಾ?
– ಓದುಗರು, ಗುಳೇದಗುಡ್ಡ

ಉತ್ತರ: ಹೆಸರು ಅದೇ, ಅಕ್ಕಾ. ನನ್ನ ಅಜ್ಜಿಯೂ ಹಾಗೇ ಕರೆಯುತ್ತಿದ್ದಳು. ಆದರೆ ಅವು ಮನೆಗಳಲ್ಲ, ಸಮಾಧಿಗಳು. ಕಬ್ಬಿಣ ಬಳಸಲು ಕಲಿತ ಕಾಲದ ಜನ ಸತ್ತವರಿಗಾಗಿ ಕಟ್ಟಿದ್ದು. ಮೇಗುತಿ ಗುಡಿಯ ರವಿಕೀರ್ತಿ ಶಾಸನ ಕ್ರಿ.ಶ. 634ರದು. ಇವು ಅದಕ್ಕಿಂತ ನೂರಾರು ವರ್ಷ ಹಳೆಯವು.

ಒಮ್ಮೆ ಏಪ್ರಿಲ್ ಬಿಸಿಲಿನಲ್ಲಿ ಒಂದರ ಪಕ್ಕ ಕೂತು ನೋಡಿದ್ದೆ. ಮೂರು ಕಡೆ ಚಪ್ಪಡಿ ನಿಲ್ಲಿಸಿ, ಮೇಲೆ ಒಂದು ದೊಡ್ಡ ಹಾಸುಗಲ್ಲು ಹೊದಿಸಿದ್ದಾರೆ. ಗಾರೆಯಿಲ್ಲ, ಮಣ್ಣಿಲ್ಲ. ಸುಮ್ನೆ ಭಾರದ ಮೇಲೆ ನಿಂತಿವೆ. ಕೆಲವಕ್ಕೆ ಎದುರಿನ ಕಲ್ಲಿನಲ್ಲಿ ದುಂಡನೆ ಕಿಂಡಿ ಇರುತ್ತದೆ. ಅದನ್ನು ಬಾಗಿಲು ಅಂದುಕೊಂಡವರಿಗೆ ಒಳಗಿದ್ದವರು ಗಿಡ್ಡರೇ ಇರಬೇಕು ಅನ್ನಿಸಿರುತ್ತದೆ, ಅಲ್ವಾ? ನೆರಳಿನ ಕಡೆ ಅಂಗೈ ಇಟ್ಟರೆ ಕಲ್ಲು ತಣ್ಣಗಿತ್ತು.

ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ ಗುಡ್ಡದಲ್ಲಿ ಇಂಥವು ನೂರಾರಿವೆ. 2021ರಲ್ಲಿ ಆ ಜಾಗ ಯುನೆಸ್ಕೋ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೂ ಸೇರಿತು. ನಮ್ಮ ಐಹೊಳೆಯವನ್ನು ಕೇಳುವವರೇ ಕಡಿಮೆ. ಗುಡಿ ನೋಡಿ ಕೆಳಗಿಳಿದು ಬಿಡುತ್ತಾರೆ. ನನಗೆ ಅದೇ ಜಾಸ್ತಿ ನೋವು.

ಮುಂದಿನ ಸಲ ಹೋದಾಗ ಮಕ್ಕಳನ್ನು ಹಾಸುಗಲ್ಲಿನ ಮೇಲೆ ಹತ್ತಿಸಬೇಡಿ, ಫೋಟೋಗೂ ಬೇಡ. ಒಂದು ಚಪ್ಪಡಿ ಜರುಗಿದರೆ ಇಡೀ ಗೋರಿ ಕುಸಿಯುತ್ತದೆ. ಆ ಅಜ್ಜ ಮತ್ತೆ ಸಿಕ್ಕರೆ ಅವರ ಕಥೆಯನ್ನೂ ಪೂರ್ತಿ ಬರೆದುಕೊಳ್ಳಿ, ನನಗೂ ಕಳಿಸಿ.